ಅಳೆದದ್ದು ಗೋಡೆ, ಅಳೆಯದೆ ಬಿಟ್ಟದ್ದು ಹೊಳೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಿಗೆ ಸಮುದ್ರ ಬಲು ದೂರ. ಚಂಡಮಾರುತ ಎಂದರೆ ಇಲ್ಲಿನವರಿಗೆ ರೇಡಿಯೊ, ಟಿ.ವಿ.ಯಲ್ಲಿ ಕೇಳುವ ಸುದ್ದಿ. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಎರೆನೆಲದ ಮೇಲೆ ದಿನಗಟ್ಟಲೆ ಮಳೆ ಸುರಿಸಿದಾಗ, ಕೊಲ್ಲಿಗೂ ಮಲಪ್ರಭೆಯ ದಂಡೆಗೂ ಇರುವ ನಂಟು ಎಂಥದ್ದೆಂದು ಈ ಸೀಮೆಗೆ ತಿಳಿಯಿತು. ಆ ಒಂದು ವಾರದಲ್ಲಿ ರಾಜ್ಯದಲ್ಲಿ ಸತ್ತವರು 200ಕ್ಕೂ ಹೆಚ್ಚು. ಹತ್ತು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಹೊಳೆ ಮತ್ತೆ ಊರೊಳಗೆ ಬಂತು. ಈ ಸಲ ಮಳೆ ಬಿದ್ದದ್ದು ಪಶ್ಚಿಮ ಘಟ್ಟದಲ್ಲಿ, ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಸುತ್ತ. ಮುಳುಗಿದ್ದು ಮಾತ್ರ ಅವೇ ಊರುಗಳು.

ಎರಡೂ ಸಲ ಮುಖ್ಯಮಂತ್ರಿ ಆಗಿದ್ದವರು ಬಿ.ಎಸ್. ಯಡಿಯೂರಪ್ಪ. ಎರಡೂ ಸಲ ಸರ್ಕಾರ ಕೈಕಟ್ಟಿ ಕೂರಲಿಲ್ಲ, ಹಣ ಬಂತು, ಮನೆ ಬಂತು, ಸಮೀಕ್ಷೆ ನಡೆಯಿತು. ಆದರೂ ಹೊಳೆದಂಡೆಯ ಊರುಗಳಲ್ಲಿ ಪ್ರತಿ ಜುಲೈ, ಆಗಸ್ಟ್ ಬಂತೆಂದರೆ ಜನ ಕಾಳಿನ ಚೀಲ ಎಲ್ಲಿಡಬೇಕೆಂದು ಲೆಕ್ಕ ಹಾಕುತ್ತಾರೆ. ಇದು ಏಕೆ ಹೀಗಾಯಿತು ಎಂದು ಕೇಳಬೇಕಾದ ಕಾಲ ಬಂದಿದೆ.

2009ರ ನೆರೆಗೆ ಸರ್ಕಾರ ಕೊಟ್ಟ ಉತ್ತರ ‘ಆಸರೆ’ ಯೋಜನೆ. ಮುಖ್ಯಮಂತ್ರಿಗಳೇ ಬೀದಿಗಿಳಿದು ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು. ವೈಮಾನಿಕ ಸಮೀಕ್ಷೆ ನಡೆಸಿದ ಪ್ರಧಾನಿ ಮನಮೋಹನ್ ಸಿಂಗ್ ರಾಜ್ಯಕ್ಕೆ 1,000 ಕೋಟಿ ರೂಪಾಯಿ ನೆರವು ಘೋಷಿಸಿದರು. ಕಂಪನಿಗಳು, ಮಠಗಳು, ದಾನಿಗಳು ಮುಂದೆ ಬಂದು ಊರುಗಳನ್ನೇ ದತ್ತು ಪಡೆದರು. ಮುಳುಗುವ ಊರನ್ನು ಎತ್ತರದ ಜಾಗಕ್ಕೆ ಒಯ್ಯಬೇಕೆಂಬ ಆ ವಿಚಾರ ಸರಿಯಾದದ್ದೇ, ಅದರಲ್ಲಿ ದೂರದೃಷ್ಟಿ ಇತ್ತು. ನರಗುಂದ, ರೋಣ ಭಾಗದಲ್ಲಿ ಹೊಳೆಯಿಂದ ದೂರ, ಎತ್ತರದಲ್ಲಿ ‘ನವಗ್ರಾಮ’ಗಳು ಎದ್ದವು.

ಆದರೆ ಒಕ್ಕಲಿಗನ ಮನೆ ಎಂದರೆ ನಾಲ್ಕು ಗೋಡೆ, ಒಂದು ತಾರಸಿ ಅಷ್ಟೇ ಅಲ್ಲ. ಅಲ್ಲಿ ಎತ್ತು ಕಟ್ಟಬೇಕು, ಎಮ್ಮೆ ಕಟ್ಟಬೇಕು, ಬಣವಿ ಒಟ್ಟಬೇಕು, ಹೊಟ್ಟು ತುಂಬಬೇಕು, ಸುಗ್ಗಿಯ ಜೋಳ, ಕಡಲೆ ಇಡಬೇಕು, ಅಣ್ಣತಮ್ಮಂದಿರ ಸಂಸಾರ ಒಂದೇ ಸೂರಿನಡಿ ಇರಬೇಕು. ಆಸರೆಯ ನಕಾಶೆಯಲ್ಲಿ ಇದಾವುದಕ್ಕೂ ಜಾಗ ಇರಲಿಲ್ಲ. ಹೊಲ ದೂರವಾಯಿತು. ಎಷ್ಟೋ ಕಡೆ ನೀರು, ಚರಂಡಿ, ಬೀದಿದೀಪ ಬರುವ ಮೊದಲೇ ಜಾಲಿಕಂಟಿ ಬಂತು. ಹಕ್ಕುಪತ್ರದ ತಕರಾರು ವರ್ಷಗಟ್ಟಲೆ ಎಳೆಯಿತು. ಜನ ಹಳೆಯ ಊರಿಗೇ ಮರಳಿದರು, ಇಲ್ಲವೇ ಬಿಟ್ಟು ಹೋಗಲೇ ಇಲ್ಲ. 2019ರಲ್ಲಿ ಲಖಮಾಪುರ, ವಾಸನ, ಹೊಳೆಆಲೂರು, ಮೆಣಸಗಿ ಮುಳುಗಿದಾಗ ಜನರನ್ನು ಅದೇ ಪಾಳುಬಿದ್ದ ಮನೆಗಳತ್ತ ಕಳಿಸಬೇಕಾಯಿತು. ಬಾಗಿಲಿಲ್ಲದ, ಕಿಟಕಿಯಿಲ್ಲದ, ಹತ್ತು ವರ್ಷ ಮಳೆ ತಿಂದ ಮನೆಗಳು ಅವು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2013ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಟಾಕ್ಲೋಬಾನ್ ನಗರವನ್ನು ಹೈಯಾನ್ ಚಂಡಮಾರುತ ಬಡಿದ ಮೇಲೆ, ಕಡಲಂಚಿನ ಮೀನುಗಾರ ಕುಟುಂಬಗಳನ್ನು ನಗರದ ಉತ್ತರಕ್ಕೆ ಸಾಗಿಸಿದರು. ಮನೆ ಸಿಕ್ಕಿತು, ಕುಡಿಯುವ ನೀರು ಸಿಗಲಿಲ್ಲ, ಕಡಲು ದೂರವಾಯಿತು. ಅಲ್ಲಿ ದೋಣಿಗೆ ಆದದ್ದೇ ಇಲ್ಲಿ ಎತ್ತಿಗೆ ಆಯಿತು. ದುಡಿಮೆಯಿಂದ ಬೇರೆಯಾದ ಮನೆಯಲ್ಲಿ ಯಾರೂ ಬಹಳ ದಿನ ನಿಲ್ಲುವುದಿಲ್ಲ.

2019ರ ಪ್ರವಾಹ ಬಂದಾಗ ರಾಜ್ಯದಲ್ಲಿ ಮಂತ್ರಿಮಂಡಲವೇ ಇರಲಿಲ್ಲ. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ ಆಗಸ್ಟ್ 20ರವರೆಗೆ ಒಬ್ಬರೇ ಸರ್ಕಾರವಾಗಿದ್ದರು. 22 ಜಿಲ್ಲೆಗಳ 103 ತಾಲ್ಲೂಕು ನೀರಲ್ಲಿದ್ದಾಗ ಯಾವ ಜಿಲ್ಲೆಗೂ ಉಸ್ತುವಾರಿ ಸಚಿವರಿಲ್ಲ. ನರಗುಂದದ ಶಾಸಕ ಸಿ.ಸಿ. ಪಾಟೀಲರು ಸಚಿವರಾದದ್ದೂ ಆಗಸ್ಟ್ 20ರಂದೇ, ಹೊಳೆ ಇಳಿದ ಮೇಲೆ. ಕೊಣ್ಣೂರಿನ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಕಡಿದುಹೋಗಿತ್ತು. ಲಖಮಾಪುರ ನಡುಗಡ್ಡೆಯಾಗಿತ್ತು. ಆ ದಿನಗಳಲ್ಲಿ ಕೆಲಸ ಮಾಡಿದವರು ತಹಶೀಲ್ದಾರರು, ತಲಾಟಿಗಳು, ಅಗ್ನಿಶಾಮಕ ದಳದವರು, ಗ್ರಾಮ ಪಂಚಾಯಿತಿ ನೌಕರರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದೂರಿನ ಜನ. ರೊಟ್ಟಿ ಬುತ್ತಿ ಕಟ್ಟಿ ಟ್ರ್ಯಾಕ್ಟರ್‌ನಲ್ಲಿ ತಂದವರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಆ ಋಣವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು.

ಈ ಸಲ ಸರ್ಕಾರ ದಾರಿ ಬದಲಿಸಿತು. ಊರು ಕಟ್ಟುವ ಬದಲು ಖಾತೆಗೆ ಹಣ ಹಾಕಿತು. ಅದರಲ್ಲಿ ಉದಾರತೆ ಇತ್ತು, ಅದನ್ನು ಒಪ್ಪಬೇಕು. ಕೇಂದ್ರದ ವಿಪತ್ತು ಪರಿಹಾರ ನಿಯಮದಂತೆ ಬಟ್ಟೆ ಪಾತ್ರೆ ಕಳೆದುಕೊಂಡ ಕುಟುಂಬಕ್ಕೆ ಸಿಗುತ್ತಿದ್ದುದು 3,800 ರೂಪಾಯಿ, ರಾಜ್ಯ ಕೊಟ್ಟದ್ದು 10,000. ಪೂರ್ತಿ ಬಿದ್ದ ಮನೆಗೆ ನಿಯಮದಂತೆ 95,100, ರಾಜ್ಯ ಘೋಷಿಸಿದ್ದು 5 ಲಕ್ಷ. ಬೆಳೆಗೆ ಹೆಕ್ಟೇರಿಗೆ 10,000 ರೂಪಾಯಿ ಮೇಲೆ ಸೇರಿಸಿ, ಮಳೆಯಾಶ್ರಿತ ಹೊಲಕ್ಕೆ 6,800 ಇದ್ದದ್ದನ್ನು 16,800 ಮಾಡಿತು. ದೇಶದ ಬೇರೆ ಎಷ್ಟೋ ರಾಜ್ಯಗಳಲ್ಲಿ ಮನೆಗೆ ಇಷ್ಟು ಮೊತ್ತ ಸಿಕ್ಕಿರಲಿಲ್ಲ.

ತೊಡಕು ಹುಟ್ಟಿದ್ದು ಅಳತೆಯಲ್ಲಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದ ಮನೆ ‘ಎ’, ಕಾಲು ಭಾಗದಿಂದ ಮುಕ್ಕಾಲರವರೆಗೆ ‘ಬಿ’, ಅದಕ್ಕೂ ಕಡಿಮೆ ಆದರೆ ‘ಸಿ’. ಕಾಂಕ್ರೀಟ್ ಮನೆಗೆ ಈ ಲೆಕ್ಕ ನಡೆದೀತು. ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಮನೆಗೆ ಇದನ್ನು ಹೇಗೆ ಹಚ್ಚುವುದು? ಮೂರು ದಿನ ನೀರಲ್ಲಿ ನಿಂತ ಮಣ್ಣಿನ ಗೋಡೆ ಪಂಚನಾಮೆಯ ದಿನ ನಿಂತಿರಬಹುದು. ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಡುತ್ತದೆ, ಮುಂದಿನ ಮಳೆಗೆ ಮಲಗುತ್ತದೆ. ಅಂಥ ಮನೆ ಪಟ್ಟಿಯಲ್ಲಿ ‘ಸಿ’ ಆಗಿ ಉಳಿಯಿತು, ಪಕ್ಕದ ಮನೆ ‘ಎ’ ಆಯಿತು. ಎ ಮತ್ತು ಸಿ ನಡುವಿನ ಅಂತರ ಲಕ್ಷಗಳಲ್ಲಿತ್ತು. ಒಬ್ಬ ಕಿರಿಯ ಎಂಜಿನಿಯರ್ ಸಂಜೆಯ ಮಬ್ಬಿನಲ್ಲಿ ನಿಂತು ಬರೆದ ಒಂದೇ ಅಕ್ಷರ ಒಂದು ಸಂಸಾರದ ಮುಂದಿನ ಹತ್ತು ವರ್ಷವನ್ನು ಗೊತ್ತುಮಾಡಿತು. ರಾಜ್ಯದ ಹಲವು ಕಡೆ ಪಟ್ಟಿಯ ಬಗ್ಗೆ ದೂರು ಬಂದವು, ಅನರ್ಹರ ಹೆಸರು ಸೇರಿದೆ ಎಂಬ ಕೂಗೂ ಎದ್ದಿತು. ಊರಲ್ಲಿ ಜಗಳ ಹುಟ್ಟಿತು. ನೀರು ತಂದ ಹಾನಿಗಿಂತ ಪಟ್ಟಿ ತಂದ ಮನಸ್ತಾಪ ಹೆಚ್ಚು ದಿನ ಉಳಿದಿದೆ ಎಂದು ಹೊಳೆಸಾಲಿನ ಹಿರಿಯರು ಹೇಳುವುದರಲ್ಲಿ ಅತಿಶಯವೇನೂ ಇಲ್ಲ.

ಐದು ಲಕ್ಷ ಒಮ್ಮೆಗೇ ಬರಲಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಮೊದಲ ಕಂತು ಒಂದು ಲಕ್ಷ, ಆಮೇಲೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೆ ಫೋಟೊ ತೆಗೆದು, ಜಾಗದ ಗುರುತು ಹಚ್ಚಿ ಕಳಿಸಿದ ಮೇಲೆ ಉಳಿದದ್ದು. ದುರುಪಯೋಗ ತಡೆಯಲು ಇದು ಬೇಕು. ಆದರೆ ಕೈಯಲ್ಲಿ ಸ್ವಲ್ಪ ದುಡ್ಡಿದ್ದವ ತಳಪಾಯ ಹಾಕಿ ಮುಂದಿನ ಕಂತು ಪಡೆದ, ಇಲ್ಲದವನ ಮೊದಲ ಕಂತು ಶೆಡ್ಡಿಗೆ, ಬಾಡಿಗೆಗೆ, ಹಳೆ ಸಾಲಕ್ಕೆ ಕರಗಿತು. ಮನೆ ಯಾರ ಹೆಸರಿಗಿದೆ ಎಂಬುದೂ ಗಂಟಾಯಿತು. ತಾತನ ಹೆಸರಲ್ಲೇ ಉಳಿದ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹಚ್ಚಿಕೊಂಡಿದ್ದರೂ ಕಡತಕ್ಕೆ ಅದು ಒಂದೇ ಮನೆ.

ಹೊಲದ ಮಾತು ಇನ್ನೂ ಕಷ್ಟದ್ದು. ಬೆಳೆ ಪರಿಹಾರ 2 ಹೆಕ್ಟೇರಿಗೆ ಸೀಮಿತ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹೋಗಿರಬೇಕು, ಹಣ ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಲಾವಣಿಗೆ ಹೊಲ ಮಾಡಿದವ ಬೀಜ, ಗೊಬ್ಬರ, ಆಳಿನ ಖರ್ಚೆಲ್ಲ ಹೊತ್ತು, ಹೊಳೆ ಬಂದಾಗ ಬರಿಗೈಯಲ್ಲಿ ನಿಂತ. ಪರಿಹಾರ ಮಾಲೀಕನಿಗೆ ಹೋಯಿತು. ಕೊಟ್ಟ ಮಾಲೀಕರೂ ಇದ್ದಾರೆ, ಆದರೆ ಅದು ಅವರ ದೊಡ್ಡಸ್ತಿಕೆ, ಕಾಯ್ದೆಯ ಆಸರೆ ಅಲ್ಲ. ಇನ್ನು ಎರೆಹೊಲದ ಮೇಲೆ ಹೊಳೆ ಉಸುಕು ಹರಡಿ ಹೋದರೆ ಒಂದು ಹಂಗಾಮಿನ ಬೆಳೆಯಷ್ಟೇ ಅಲ್ಲ, ಮುಂದಿನ ಹಲವು ಹಂಗಾಮು ಹೋದಂತೆ. 3 ಅಂಗುಲಕ್ಕಿಂತ ದಪ್ಪ ಹೂಳು ತೆಗೆಯಲು ಆಗಿನ ನಿಯಮ ಕೊಡುತ್ತಿದ್ದುದು ಹೆಕ್ಟೇರಿಗೆ 12,200 ರೂಪಾಯಿ. ಜೆಸಿಬಿ ಬಾಡಿಗೆ ಕೊಟ್ಟ ಯಾವ ರೈತನನ್ನು ಕೇಳಿದರೂ ಅದು ಎಷ್ಟು ತಾಸಿಗೆ ಸಾಲುತ್ತದೆಂದು ಹೇಳುತ್ತಾನೆ. ಸತ್ತ ಎತ್ತಿಗೆ ಆಗ 25,000, ಕರೆಯುವ ಎಮ್ಮೆಗೆ 30,000 ಇತ್ತು. ಆ ದರದಲ್ಲಿ ಸಂತೆಯಲ್ಲಿ ಒಳ್ಳೆಯ ಎತ್ತು ಸಿಗುತ್ತಿರಲಿಲ್ಲ.

2022ರಲ್ಲಿ ಕೇಂದ್ರ ಈ ದರಗಳನ್ನು ಸ್ವಲ್ಪ ಏರಿಸಿ, ಮಳೆಯಾಶ್ರಿತ ಬೆಳೆಗೆ 8,500 ಮಾಡಿತು. 2025ರ ಮಳೆಹಾನಿಗೆ ಸಿದ್ದರಾಮಯ್ಯ ಸರ್ಕಾರ ಅದರ ಮೇಲೆ ಅಷ್ಟೇ ಸೇರಿಸಿ 17,000 ಕೊಡುವುದಾಗಿ ಹೇಳಿತು. 2019ರಲ್ಲಿ 16,800, 2025ರಲ್ಲಿ 17,000. ಆರು ವರ್ಷದಲ್ಲಿ ಡಿಎಪಿ, ಡೀಸೆಲ್, ಆಳಿನ ಕೂಲಿ ಎಷ್ಟು ಏರಿದೆ ಎಂಬುದನ್ನು ಓದುಗರೇ ಬಲ್ಲರು.

ಗಜೇಂದ್ರಗಡದ ಕಥೆ ಬೇರೆ. ಗುಡ್ಡದ ಮಗ್ಗುಲಿನ ಈ ತಾಲ್ಲೂಕಿಗೆ ಮಲಪ್ರಭೆ ತಾಗುವುದಿಲ್ಲ. 2018ರಲ್ಲಿ ರೋಣದಿಂದ ಬೇರೆಯಾಗಿ ತಾಲ್ಲೂಕಾದ ಈ ಸೀಮೆಗೆ ಹೆಚ್ಚು ಪರಿಚಿತವಾದದ್ದು ಬರ. ಇಲ್ಲಿ ಮಳೆ ಹೆಚ್ಚಾದರೆ ಊರು ಮುಳುಗುವುದಿಲ್ಲ, ಮನೆಗಳು ಒಂದೊಂದಾಗಿ ಕುಸಿಯುತ್ತವೆ. ನರೇಗಲ್ ಕಡೆ ಒಂದು ಗೋಡೆ, ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಒಂದು ಮಾಳಿಗೆ. ನೆಲದಲ್ಲಿ ಕೂತ ಕುಣಿಮಗ್ಗಕ್ಕೆ ತೇವ ಹಿಡಿದರೆ ವಾರಗಟ್ಟಲೆ ದುಡಿಮೆ ನಿಲ್ಲುತ್ತದೆ. ಕೀಳುವ ಹೊತ್ತಿಗೆ ಮಳೆ ಹಿಡಿದರೆ ಹೆಸರುಕಾಯಿ ಗಿಡದಲ್ಲೇ ಮೊಳಕೆ ಬರುತ್ತದೆ, ಉಳ್ಳಾಗಡ್ಡಿ ನೆಲದಲ್ಲೇ ಕೊಳೆಯುತ್ತದೆ. ಹೆಲಿಕಾಪ್ಟರ್‌ನಿಂದ ನೋಡಿದರೆ ಇದಾವುದೂ ಕಾಣದು. ಹೊಳೆದಂಡೆಯ ಹಾನಿಗೆ ಪತ್ರಿಕೆಯ ಮುಖಪುಟ ಸಿಕ್ಕಿತು, ಇಲ್ಲಿನ ಹಾನಿಗೆ ತಾಲ್ಲೂಕು ಕಚೇರಿಯ ಕಟ್ಟೆ ಮಾತ್ರ.

ನರಗುಂದ ಪಟ್ಟಣದ್ದು ಯಾವ ನಮೂನೆಗೂ ಹೊಂದದ ಸಂಕಟ. ಹಿಂದಿನವರು ಜೋಳ ತುಂಬಿಡಲು ಮನೆಯೊಳಗೆ, ಓಣಿಯಲ್ಲಿ ತೋಡಿದ ಹಗೇವುಗಳು ಈಗ ಬಳಕೆಯಲ್ಲಿಲ್ಲ, ಎಷ್ಟೋ ಹಗೇವು ಎಲ್ಲಿವೆಯೆಂದೇ ಮರೆತುಹೋಗಿದೆ. ಅಂತರ್ಜಲ ಮೇಲೆ ಬಂದು ಜವುಳು ಹಿಡಿದಾಗ ಹಳೆಯ ಓಣಿಗಳಲ್ಲಿ ಇದ್ದಕ್ಕಿದ್ದಂತೆ ನೆಲ ಬಾಯಿ ತೆರೆಯಿತು. ನಡುಮನೆಯಲ್ಲಿ, ಕಟ್ಟೆಯ ಮುಂದೆ ಗುಂಡಿ ಬಿದ್ದವು. ಮನೆ ನೆರೆಯಲ್ಲಿ ಬಿದ್ದರೆ ‘ಎ’, ‘ಬಿ’, ‘ಸಿ’ ಅನ್ನಬಹುದು. ನೆಲವೇ ಕುಸಿದರೆ ಏನೆಂದು ಬರೆಯುವುದು?

ಬೆಂಗಳೂರು ಮತ್ತು ದಿಲ್ಲಿ ನಡುವಿನ ಲೆಕ್ಕವೂ ಹೀಗೇ. 2019ರ ಹಾನಿ 35,160 ಕೋಟಿ ರೂಪಾಯಿ ಎಂದು ರಾಜ್ಯ ಅಂದಾಜಿಸಿತು. ವಿಪತ್ತು ನಿಯಮದಂತೆ ಕೇಳಲು ಬಂದದ್ದು ಅದರಲ್ಲಿ ಸುಮಾರು 3,800 ಕೋಟಿ. ಅಕ್ಟೋಬರ್ ಮೊದಲ ವಾರ ಕೇಂದ್ರದಿಂದ ಮೊದಲು ಬಿಡುಗಡೆಯಾದದ್ದು 1,200 ಕೋಟಿ. ಇಲ್ಲಿ ಪಕ್ಷದ ಜಗಳ ಬೇಡ, ಯಾವ ಪಕ್ಷ ಎಲ್ಲಿದ್ದರೂ ಈ ಇಳಿಜಾರು ಬದಲಾಗಿಲ್ಲ. ಕಳೆದುಕೊಂಡದ್ದರ ಹತ್ತನೇ ಒಂದು ಪಾಲಷ್ಟೇ ‘ಹಾನಿ’ ಎಂದು ಒಪ್ಪುವ ನಿಯಮವನ್ನು ಸಂಸದರು ಸಂಸತ್ತಿನಲ್ಲಿ ಪ್ರಶ್ನಿಸಬೇಕಿತ್ತು, ಎಲ್ಲ ಪಕ್ಷದವರೂ ಸೇರಿ.

ಇಷ್ಟೆಲ್ಲ ಅಳೆದವರು ಹೊಳೆಯನ್ನು ಮಾತ್ರ ಅಳೆಯಲಿಲ್ಲ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನ ಸಾಮರ್ಥ್ಯ 37.73 ಟಿಎಂಸಿ ಅಡಿ. ಮಳೆ ಕಡಿಮೆಯಾದ ವರ್ಷಗಳಲ್ಲಿ ಅದು ತುಂಬುವುದಿಲ್ಲ, ಕೆಳಗಿನ ಪಾತ್ರದಲ್ಲಿ ನೀರು ಹರಿಯುವುದಿಲ್ಲ. ಹರಿಯದ ಹೊಳೆಯಲ್ಲಿ ಹೂಳು ಕೂತಿತು, ಜಾಲಿ ಬೆಳೆಯಿತು, ದಂಡೆ ಒಳಸರಿದು ಹೊಲವಾಯಿತು. ಆಮೇಲೆ ಒಂದು ವರ್ಷ ಜಲಾಶಯ ತುಂಬಿ ಗೇಟು ಎತ್ತಿದಾಗ, ಇಕ್ಕಟ್ಟಾದ ಪಾತ್ರ ಆ ನೀರು ಹಿಡಿಯಲಾರದೆ ಊರಿಗೆ ನುಗ್ಗಿತು. ಅದರ ಜೊತೆ ಬೆಣ್ಣಿಹಳ್ಳ. ಹುಬ್ಬಳ್ಳಿ, ನವಲಗುಂದ ಕಡೆ ಮಳೆಯಾದರೆ ಯಾವ ಅಣೆಕಟ್ಟಿನ ಹಂಗೂ ಇಲ್ಲದೆ ರಭಸದಿಂದ ಬಂದು ಯಾವಗಲ್ ದಾಟಿ ಮೆಣಸಗಿಯ ಹತ್ತಿರ ಮಲಪ್ರಭೆ ಸೇರುವ ಹಳ್ಳ ಅದು. ಹೊಳೆಯೂ ಹಳ್ಳವೂ ಒಟ್ಟಿಗೆ ಬಂದರೆ ರೋಣ ತಾಲ್ಲೂಕಿನ ದಂಡೆ ನಡುವೆ ಸಿಗುತ್ತದೆ. ಬೆಣ್ಣಿಹಳ್ಳದ ನೀರನ್ನು ತಡೆದು ಬಳಸಬೇಕೆಂದು ನೀರಾವರಿ ತಜ್ಞ ಪರಮಶಿವಯ್ಯನವರ ವರದಿ ಹೇಳಿ ದಶಕಗಳಾದವು.

ಈ ನೆಲ ನೀರಿಗಾಗಿ ಹೋರಾಡಿದ ನೆಲ ಎಂಬುದನ್ನು ಮರೆಯಬಾರದು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರ ಕಟ್ಟಲಾರೆವು ಎಂದು ಎದ್ದ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿತು. 2015ರಿಂದ ಮಹದಾಯಿ ನದಿಯ ನೀರಿಗಾಗಿ ಇದೇ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. 2018ರ ನ್ಯಾಯಮಂಡಳಿ ತೀರ್ಪಿನಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.90 ಟಿಎಂಸಿ ಅಡಿ. ಆ ನೀರು ಬರಲಿ. ಬರುವ ಮೊದಲು ಬರುವ ದಾರಿಯೂ ಸರಿಯಾಗಲಿ.

ಒತ್ತುವರಿ ತೆರವು ಎಂಬ ಮಾತು ಪ್ರತಿ ನೆರೆಯ ನಂತರ ಎದ್ದು, ಹೊಳೆ ಇಳಿದಂತೆ ತಾನೂ ಇಳಿಯುತ್ತದೆ. ಒತ್ತುವರಿದಾರರಲ್ಲಿ ದೊಡ್ಡವರೂ ಇದ್ದಾರೆ, ಬೇರೆ ತುಂಡು ನೆಲವಿಲ್ಲದ ಬಡವರೂ ಇದ್ದಾರೆ. ಇಬ್ಬರನ್ನೂ ಒಂದೇ ನೋಟಿಸಿನಲ್ಲಿ ಎಬ್ಬಿಸಲಾಗದು ಎಂಬುದು ನಿಜ. ಅದಕ್ಕೇ ಸಾವಧಾನದ, ಊರೂರಿಗೆ ಹೋಗುವ ಅಳತೆ ಬೇಕು. ಮುನವಳ್ಳಿಯಿಂದ ಕೂಡಲಸಂಗಮದವರೆಗೆ ಹಳೆಯ ಸರ್ವೆ ನಕಾಶೆ ಹಿಡಿದು ಹೊಳೆಯ ಗಡಿಗೆ ಕಲ್ಲು ನೆಡಬೇಕು, ಭೂಹೀನರಾಗುವವರಿಗೆ ಬದಲಿ ನೆಲ ಕೊಡಬೇಕು. ನವಗ್ರಾಮಗಳಲ್ಲಿ ಉಳಿದವರಿಗೆ ಹಕ್ಕುಪತ್ರ, ದನದ ಕೊಟ್ಟಿಗೆಗೆ ಜಾಗ ಕೊಡಬೇಕು. ಹಾನಿಯ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಮಣ್ಣಿನ ಮನೆಗಳನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿ ವರ್ಗ ಬದಲಿಸಲು ಅವಕಾಶ ಇರಬೇಕು. ಲಾವಣಿದಾರನ ಹೆಸರು ಬೆಳೆ ಸಮೀಕ್ಷೆಯಲ್ಲೇ ದಾಖಲಾಗಬೇಕು. ನರಗುಂದದ ಹಗೇವುಗಳಿಗೆ ಓಣಿಯ ಹಿರಿಯರನ್ನು ಕೂರಿಸಿಕೊಂಡು ನಕಾಶೆ ಮಾಡಬೇಕು, ಅವುಗಳ ನೆನಪಿರುವ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಇವುಗಳಲ್ಲಿ ಹೆಚ್ಚಿನವಕ್ಕೆ ದಿಲ್ಲಿಯ ಅಪ್ಪಣೆ ಬೇಡ, ಗದಗದ ಜಿಲ್ಲಾಧಿಕಾರಿ ಕಚೇರಿ ಮತ್ತು ಮೂವರು ತಹಶೀಲ್ದಾರರು ಈ ಬೇಸಿಗೆಯಲ್ಲೇ ಶುರುಮಾಡಬಹುದು.