ಭಾಗ ಬದಲಿಸುವ ಮೊದಲು ವಯರು ನೋಡಿರಿ

ಕಾರಿನಲ್ಲಿ ಇಂಜಿನ್ ಚಿಹ್ನೆಯ ದೀಪ ಉರಿಯಿತೆಂದರೆ ಯಾವುದಾದರೊಂದು ಭಾಗ ಬದಲಿಸಲೇಬೇಕು ಎಂಬ ನಂಬಿಕೆ ಕಾರುಳ್ಳ ಮನೆಗಳಲ್ಲೂ ಹಲವು ಗ್ಯಾರೇಜುಗಳಲ್ಲೂ ಬೇರೂರಿದೆ. ಇದಕ್ಕೆ ತೆರುವ ಬೆಲೆ ಸಣ್ಣದಲ್ಲ. ಇಂಜಿನ್ನಿನೊಳಗೆ ಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ತಣ್ಣನೆಯ ಗಾಳಿ ಸಾಂದ್ರ, ಬಿಸಿ ಗಾಳಿ ವಿರಳ. ಅದಕ್ಕೆ ತಕ್ಕಂತೆ ಕಾರಿನ ಕಂಪ್ಯೂಟರ್ ಇಂಧನದ ಅಳತೆ ಹೊಂದಿಸುತ್ತದೆ. ಸೆನ್ಸರಿನೊಳಗಿರುವುದು ಬಿಸಿಯಾದಂತೆ ವಿದ್ಯುತ್ತಿಗೆ ತಡೆ ಕಡಿಮೆ ಮಾಡುವ ಒಂದು ಪುಟ್ಟ ತುಣುಕು. ಕಂಪ್ಯೂಟರ್ 5 ವೋಲ್ಟ್ ಕೊಟ್ಟು, ಅದರಲ್ಲಿ ಎಷ್ಟು ಉಳಿಯಿತೆಂದು ನೋಡಿ ಉಷ್ಣತೆಯ ಲೆಕ್ಕ ಹಾಕುತ್ತದೆ. ವಯರು ತುಂಡಾದರೆ ಐದೂ ವೋಲ್ಟ್ ಹಾಗೆಯೇ ಉಳಿಯುತ್ತದೆ. ಸಾಮಾನ್ಯವಾಗಿ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ ಎಂದು ಕಾಣುತ್ತದೆ. ಕುಂಬಳೆಯಲ್ಲಾಗಲಿ ಮಂಜೇಶ್ವರದಲ್ಲಾಗಲಿ ಅಂಥ ಚಳಿ ಉಂಟೇ? ಈ ಸುಳ್ಳು ಚಳಿಯನ್ನು ನಂಬಿ ಇಂಧನ ಹೆಚ್ಚು ಸುರಿದರೆ ಮೈಲೇಜು ಇಳಿಯುತ್ತದೆ.

ಆಗ ಬರುವ ಪಿ 0113 ಎಂಬ ಸಂಕೇತ ಹೇಳುವುದು ಸರ್ಕ್ಯೂಟಿನಲ್ಲಿ ದೋಷವಿದೆ ಎಂದಷ್ಟೇ. ಸೆನ್ಸರ್ ಕೆಟ್ಟಿದೆ ಎಂದಲ್ಲ. ಆಟಿ ಮಳೆಯ ತೇವಕ್ಕೂ ಕಡಲ ಉಪ್ಪುಗಾಳಿಗೂ ಪ್ಲಗ್ಗಿನಲ್ಲಿ ಕಿಲುಬು ಹಿಡಿದಿರಬಹುದು. ಕೊಟ್ಟಿಗೆಯ ಬದಿ ನಿಲ್ಲಿಸಿದ ಕಾರಿನ ವಯರನ್ನು ಇಲಿ ಕಡಿದಿರಬಹುದು.

ಪರೀಕ್ಷೆ ಕೆಲವೇ ನಿಮಿಷಗಳದ್ದು. ಸೆನ್ಸರಿನ ಪ್ಲಗ್ಗು ಕಳಚಿ, ಕಾರಿನ ವಯರಿಂಗ್ ನಕ್ಷೆ ನೋಡಿ, ಉಷ್ಣತೆಯ ಎರಡು ವಯರುಗಳನ್ನು ಒಂದಕ್ಕೊಂದು ಜೋಡಿಸಬೇಕು. ಮೈನಸ್ 40 ಥಟ್ಟನೆ 100 ಡಿಗ್ರಿ ದಾಟಿದರೆ ವಯರೂ ಕಂಪ್ಯೂಟರೂ ಸರಿ. ದೋಷ ಸೆನ್ಸರಿನದು ಅಥವಾ ಪ್ಲಗ್ಗಿನ ಹಿಡಿತದ್ದು. ಏರದಿದ್ದರೆ ಹೊಸ ಸೆನ್ಸರ್ ಹಾಕಿ ಫಲವಿಲ್ಲ. ಪಿ 0112 ಬಂದು ವಿಪರೀತ ಬಿಸಿ ತೋರಿಸುತ್ತಿದ್ದರೆ ಪ್ಲಗ್ಗು ಕಳಚಿದ ಕೂಡಲೇ ಅದು ಮೈನಸ್ 40ಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ನಿರಪರಾಧಿ. ಅನೇಕ ಕಾರುಗಳಲ್ಲಿ ಈ ಸೆನ್ಸರ್ ಗಾಳಿಯ ಪ್ರಮಾಣ ಅಥವಾ ಒತ್ತಡ ಅಳೆಯುವ ಸೆನ್ಸರಿನೊಂದಿಗೆ ಒಂದೇ ಕವಚದಲ್ಲಿರುವುದರಿಂದ ಇಡೀ ಜೋಡಿಯನ್ನೇ ಕೊಳ್ಳಬೇಕಾಗುತ್ತದೆ ಎಂಬುದೂ ನೆನಪಿರಲಿ.

ತಪ್ಪು ಮೆಕ್ಯಾನಿಕರದ್ದು ಮಾತ್ರವಲ್ಲ. ಡಬ್ಬಿಯಲ್ಲಿ ಬಂದ ಭಾಗಕ್ಕೆ ಚೌಕಾಸಿಯಿಲ್ಲದೆ ಹಣ ಎಣಿಸುವ ಮಾಲಕರು, ದೋಷ ಹುಡುಕಿದ ಕೂಲಿಗೆ ಮುಖ ಸಿಂಡರಿಸುತ್ತಾರೆ. ಹುಡುಕುವ ವಿದ್ಯೆಗೆ ಬೆಲೆಯಿಲ್ಲವೆಂದಾದರೆ ಹುಡುಕುವವರು ಯಾರು?

ನಾವು ಕನ್ನಡದಲ್ಲೋ ತುಳುವಿನಲ್ಲೋ ತೊಂದರೆ ಹೇಳುತ್ತೇವೆ, ಉತ್ತರ ಮಲಯಾಳದಲ್ಲಿ ಬರುತ್ತದೆ, ಸ್ಕ್ಯಾನರು ಇಂಗ್ಲಿಷ್ ತೋರಿಸುತ್ತದೆ. ಈ ನಡುವೆ ಸುಮ್ಮನೆ ತಲೆಯಾಡಿಸಿ ಹಣ ಕೊಟ್ಟು ಬರುವವರೇ ಹೆಚ್ಚು. ಆದರೆ ಅಂಕಿ ಎಲ್ಲ ಭಾಷೆಗಳಿಗೂ ಒಂದೇ. ಬಂದ ಸಂಕೇತ, ಪ್ಲಗ್ಗು ಕಳಚಿದಾಗಿನ ಡಿಗ್ರಿ, ವಯರು ಜೋಡಿಸಿದಾಗಿನ ಡಿಗ್ರಿ, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ; ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಪರೀಕ್ಷೆಯ ಕೂಲಿಯನ್ನು ಸಂತೋಷದಿಂದ ಕೊಡಿರಿ.