ವರ್ಷಕ್ಕೊಂದು ದಿನದ ಹೊಲ ಸಾಲದು

ಮಾರ್ಗಶಿರ ಮಾಸದ ಕೊನೆಗೆ ಎಳ್ಳ ಅಮಾವಾಸ್ಯೆ ಬಂತೆಂದರೆ ಹುಮನಾಬಾದ್, ಬಸವಕಲ್ಯಾಣದ ಪೇಟೆಗಳಲ್ಲಿ ಜನ ವಿರಳವಾಗುತ್ತಾರೆ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಗೆಳೆಯರ, ಬೀಗರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿದ ಮೇಲೆ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿಯ ಊಟ. ಬೇರೆ ಕಡೆ ಸಂಘಗಳವರು, ಕಚೇರಿಯವರು ವರ್ಷಕ್ಕೊಮ್ಮೆ ಸದಸ್ಯರನ್ನು ಕೂಡಿಸಿಕೊಂಡು ಹೊರಸಂಚಾರ ಹೋಗುವುದುಂಟು. ನಮ್ಮ ಭಾಗದ ಹಿರಿಯರು ಇಡೀ ಊರಿಗೇ ಅಂಥದೊಂದು ದಿನವನ್ನು ಗೊತ್ತುಮಾಡಿ ಇಟ್ಟಿದ್ದಾರೆ.

ವೈದ್ಯನಾಗಿ ಹೇಳುವುದಾದರೆ ಇದು ಬಹಳ ಒಳ್ಳೆಯ ಔಷಧಿ. ನಡಿಗೆಯುಂಟು, ಬಿಸಿಲುಂಟು, ನಾಲ್ಕು ಜನರ ಜೊತೆ ನಗುವುಂಟು. ಕಾಳು, ಸೊಪ್ಪು, ತರಕಾರಿ ಕೂಡಿದ ಭಜ್ಜಿಯಂಥ ಪೌಷ್ಟಿಕ ಪದಾರ್ಥ ಮತ್ತೊಂದಿಲ್ಲ. ಆದರೆ ಈ ಔಷಧಿಯನ್ನು ನಾವು ತೆಗೆದುಕೊಳ್ಳುವ ರೀತಿ ಸರಿಯಿಲ್ಲ. ಸಕ್ಕರೆ ಕಾಯಿಲೆಯವರು ವರ್ಷದ ಮಾತ್ರೆಗಳನ್ನೆಲ್ಲ ಒಂದೇ ದಿನ ನುಂಗುತ್ತಾರೆಯೇ? ನಡಿಗೆಯ ವಿಷಯದಲ್ಲಿ ಮಾತ್ರ ನಾವು ಹಾಗೆಯೇ ಮಾಡುತ್ತೇವೆ. 364 ದಿನ ಅಂಗಡಿಯ ಗಲ್ಲೆಯ ಮುಂದೆ, ಕಚೇರಿಯ ಕುರ್ಚಿಯಲ್ಲಿ ಕುಳಿತವರು ಅಂದು ಹುಡುಗರ ಜೊತೆ ಪಂಥ ಕಟ್ಟಿ ಓಡುತ್ತಾರೆ, ಹೊಟ್ಟೆ ಬಿರಿಯುವಷ್ಟು ಉಣ್ಣುತ್ತಾರೆ.

ಅಂಥವರಿಗೆ ಎದೆ ಬಿಗಿಹಿಡಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ 'ಹೋಳಿಗೆ ಜಾಸ್ತಿಯಾಯಿತು, ಗ್ಯಾಸ್' ಎಂದು ಸೋಡಾ ಕುಡಿಸಿ ಮಲಗಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಸುಸ್ತು ಕಾಣಿಸಬಹುದು. ಕೂಡಲೇ 108ಕ್ಕೆ ಕರೆ ಮಾಡಿ, ಇಲ್ಲವೇ ಇದ್ದ ವಾಹನದಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆತನ್ನಿ.

ಇನ್ನೊಂದು ಮಾತು. ಹೊಲದಲ್ಲಿ ಪೂಜೆ ಮುಗಿದು ಎಲೆ ಹಾಕುವಾಗ ಮಧ್ಯಾಹ್ನ ಒಂದೋ ಎರಡೋ ಗಂಟೆ. ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ತೆಗೆದುಕೊಂಡು ಅಲ್ಲಿಯ ತನಕ ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಕೈ ನಡುಕ, ಬೆವರು, ಕಣ್ಣು ಕತ್ತಲೆ ಅದರ ಲಕ್ಷಣ. ಆಗ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ದೇವರ ಪೂಜೆಗೆ ಮೊದಲು ಎರಡು ತುತ್ತು ತಿಂದರೆ ಪಾಪವಿಲ್ಲ. ನಿಮ್ಮ ಕಾಯಿಲೆಯನ್ನು ಜೊತೆಗಿದ್ದ ಒಬ್ಬರಿಗಾದರೂ ಹೇಳಿರಿ. ಇದರಲ್ಲಿ ನಾಚಿಕೆ ಏನು?

ಈ ಔಷಧಿ ಮನೆಯ ಹೆಣ್ಣುಮಕ್ಕಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ ಎಂಬುದು ನನ್ನ ದೊಡ್ಡ ತಕರಾರು. ನಮಗೆ ಅದು ವಿಹಾರದ ದಿನ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಕಡುಬು ಕಟ್ಟಿ, ಹೊಲದಲ್ಲಿಯೂ ಬಡಿಸುತ್ತಲೇ ಇರುವ ತಾಯಿಗೆ ಅದು ದುಪ್ಪಟ್ಟು ದುಡಿಮೆಯ ದಿನ. ಮೇಲಾಗಿ, ಬಯಲಲ್ಲಿ ಮರೆ ಇಲ್ಲವೆಂದು ಎಷ್ಟೋ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ನೀರು ಕಡಿಮೆಯಾಗಿ, ಮೂತ್ರ ತಡೆದುಕೊಂಡರೆ ಸೋಂಕು ತಗಲಿ ಉರಿಮೂತ್ರ ಶುರುವಾಗುವ ಸಾಧ್ಯತೆ ಹೆಚ್ಚು. ಅದನ್ನೂ ಅವರು ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕು ಕೋಲು ನೆಟ್ಟು, ಹಳೆಯ ಸೀರೆ ಸುತ್ತಿ ಒಂದು ಮರೆ ಕಟ್ಟಲು ಗಂಡಸರಿಗೆ ಹತ್ತು ನಿಮಿಷ ಸಾಕು. ಪೂಜೆಗೆ ಜಾಗ ಹಸನು ಮಾಡುವಾಗಲೇ ಈ ಕೆಲಸವೂ ಆಗಲಿ. ಬಡಿಸುವ ಸರದಿಯನ್ನು ಗಂಡುಮಕ್ಕಳು ವಹಿಸಿಕೊಂಡು ಆಕೆ ಎಲ್ಲರ ಜೊತೆ ಕುಳಿತು ಉಣ್ಣಲಿ, ಬದುವಿನ ಮೇಲೆ ಒಂದು ಸುತ್ತು ನಡೆದು ಬರಲಿ. ಮನೆಯಲ್ಲಿ ಮೊಣಕಾಲು ನೋವೆನ್ನುವವಳೂ ರಕ್ತದೊತ್ತಡದ ಮಾತ್ರೆ ನುಂಗುವವಳೂ ಆಕೆಯೇ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾದರೆ ಲೆಕ್ಕ ಸರಿಹೋಯಿತು. ಇದಕ್ಕೆ ಹೊಲವೇ ಬೇಕೆಂದಿಲ್ಲ. ಹುಮನಾಬಾದಿನವರಿಗೆ ಮಾಣಿಕನಗರದ ದಾರಿಯಿದೆ, ಬಸವಕಲ್ಯಾಣದವರಿಗೆ ತ್ರಿಪುರಾಂತ ಕೆರೆಯ ಕಡೆಯ ದಾರಿಯಿದೆ. ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಎದೆನೋವು, ಏದುಸಿರು ಇರುವವರು ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಅಮಾವಾಸ್ಯೆಗೆ ಒಟ್ಟಿಗೆ ಹೊಲಕ್ಕೆ ಹೋದ ಗುಂಪೇ ವಾರವಾರವೂ ಒಟ್ಟಿಗೆ ನಡೆಯಬಹುದಲ್ಲ? ಒಬ್ಬರೇ ಹೊರಟರೆ ನಾಲ್ಕೇ ದಿನಕ್ಕೆ ಬೇಸರ ಬರುತ್ತದೆ. ಬಾಗಿಲಿಗೆ ಬಂದು ಕರೆಯುವವರಿದ್ದರೆ ತಪ್ಪಿಸಿಕೊಳ್ಳಲಾಗದು. ಈ ಭಾನುವಾರವೇ ಶುರುಮಾಡಿ. ಹೊರಡುವ ಮೊದಲು ಅಡುಗೆಮನೆಯತ್ತ ಒಂದು ಕೂಗು ಹಾಕಿ, ಆಕೆಯನ್ನೂ ಕರೆದುಕೊಳ್ಳಿ. ಒಲೆಯ ಮೇಲಿನ ಚಹಾ ಅರ್ಧ ಗಂಟೆ ತಡವಾದರೆ ಯಾರಿಗೂ ಕಾಯಿಲೆ ಬರುವುದಿಲ್ಲ.