ಪ್ರವೇಶ ಪರೀಕ್ಷೆಯ ಇಂಗ್ಲೀಷೂ ಕನ್ನಡಿಗರ ಕರ್ತವ್ಯವೂ

ಕನ್ನಡ ನಾಡು 1956ನೆಯ ಇಸವಿ ನವೆಂಬರ 1ನೆಯ ತಾರೀಖಿಗೆ ಒಂದಾಯಿತು; 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ತನ್ನ ಹೆಸರೂ ದೊರೆಯಿತು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಜನವು ಒಂದೇ ಆಡಳಿತದ ಕೆಳಗೆ ಬಂದದ್ದು ಅಲ್ಪ ಸಾಧನೆಯಲ್ಲ. ಆದರೆ ಏಕೀಕರಣವೆಂದರೆ ನಕಾಶದ ಮೇಲಿನ ಗೆರೆಗಳನ್ನು ತಿದ್ದುವದಷ್ಟೇ ಆಗಿತ್ತೇ? ಕನ್ನಡ ಮನೆಯಲ್ಲಿ ಹುಟ್ಟಿದ ಮಗುವು ತನ್ನ ಬುದ್ಧಿಯನ್ನು ತನ್ನ ಮಾತಿನಲ್ಲಿಯೇ ತೋರಿಸಿ ವಿದ್ಯೆಯ ಮೆಟ್ಟಲುಗಳನ್ನು ಏರುವಂತಾಗಬೇಕೆಂಬದೇ ಅದರ ಒಳಗಿನ ಹುರುಳಾಗಿತ್ತು. ಆ ಹುರುಳು ಇನ್ನೂ ಪೂರ್ಣವಾಗಿ ನಮ್ಮ ಕೈಗೆ ಬಂದಿಲ್ಲವೆಂಬದಕ್ಕೆ ದೂರದ ಪ್ರಮಾಣವು ಬೇಕಿಲ್ಲ. ನವೋದಯ ವಿದ್ಯಾಲಯಗಳ ಒಂಬತ್ತನೆಯ ತರಗತಿಯ ಪ್ರವೇಶ ಪರೀಕ್ಷೆಯೊಂದೇ ಸಾಕು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಬೆಳೆದ ಈ ಜವಾಹರ ನವೋದಯ ವಿದ್ಯಾಲಯಗಳು ಹಳ್ಳಿಯ ಪ್ರತಿಭಾವಂತ ಮಕ್ಕಳಿಗಾಗಿಯೇ ಹುಟ್ಟಿದ ವಸತಿಶಾಲೆಗಳು. ಬಡ ಒಕ್ಕಲಿಗನ ಮಗನೂ ನೇಕಾರನ ಮಗಳೂ ಒಳ್ಳೆಯ ಪ್ರಯೋಗಶಾಲೆ, ಒಳ್ಳೆಯ ಗ್ರಂಥಾಲಯಗಳನ್ನು ಕಾಣಬೇಕೆಂಬದು ಅವುಗಳ ಉದ್ದೇಶ. ಮುಖ್ಯ ಪ್ರವೇಶವು ಆರನೆಯ ತರಗತಿಗೆ. ಆ ಪರೀಕ್ಷೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯಬಹುದು. ಮುಂದೆ ತೆರವಾದ ಸ್ಥಾನಗಳನ್ನು ಒಂಬತ್ತನೆಯ ತರಗತಿಯಲ್ಲಿ ಇನ್ನೊಂದು ಪರೀಕ್ಷೆಯ ಮೂಲಕ ತುಂಬುವರು. 2025ರಲ್ಲಿ ಈ ಪರೀಕ್ಷೆಯು ಫೆಬ್ರವರಿ 8ರಂದು ನಡೆಯಿತು. ಪ್ರಶ್ನೆಗಳು 100, ಅಂಕಗಳು 100, ಕಾಲಾವಧಿ ಎರಡೂವರೆ ತಾಸು. ಅದರಲ್ಲಿ ಇಂಗ್ಲೀಷಿಗೆ 15, ಹಿಂದಿಗೆ 15, ಗಣಿತಕ್ಕೆ 35, ವಿಜ್ಞಾನಕ್ಕೆ 35. ಪ್ರಶ್ನಪತ್ರಿಕೆಯ ಭಾಷೆಗಳು ಇಂಗ್ಲೀಷು ಮತ್ತು ಹಿಂದಿ. ಕನ್ನಡವಿಲ್ಲ!

ವಾಚಕರು ಈ ಸಂಖ್ಯೆಗಳನ್ನು ತುಸು ತೂಗಿ ನೋಡಬೇಕು. ಇಂಗ್ಲೀಷಿಗೆ ಇಟ್ಟ ಅಂಕಗಳು ಹದಿನೈದು ಮಾತ್ರವೆಂದು ಕಾಗದವು ಹೇಳುತ್ತದೆ. ಆದರೆ ಗಣಿತ ವಿಜ್ಞಾನಗಳ ಎಪ್ಪತ್ತು ಅಂಕಗಳೂ ಅದೇ ಬೀಗದ ಹಿಂದೆ ಇವೆ. ಚಕ್ರಬಡ್ಡಿಯ ಲೆಕ್ಕವನ್ನು ಬಾಯಲ್ಲಿಯೇ ಮಾಡಬಲ್ಲ ಹುಡುಗನು ‘ಪರ್ ಆನಮ್’ ಎಂಬ ಎರಡು ಮಾತುಗಳ ಎದುರಿಗೆ ತಡವರಿಸಿ ನಿಲ್ಲುವನು. ಘರ್ಷಣೆಯಿಂದ ಬಿಸಿ ಹುಟ್ಟುವದೆಂದು ಬಲ್ಲ ಹುಡುಗಿಯು ‘ಫ್ರಿಕ್ಷನ್’ ಎಂಬುದನ್ನು ಗುರುತಿಸದೆ ಅಂಕ ಕಳೆದುಕೊಳ್ಳುವಳು. ಇಲ್ಲಿ ಪರೀಕ್ಷೆಗೊಳಗಾದದ್ದು ಅವರ ಗಣಿತವೇ, ವಿಜ್ಞಾನವೇ? ಎರಡೂ ಅಲ್ಲ. ಇಂಗ್ಲೀಷನ್ನು ಪರೀಕ್ಷಿಸುವದು ಒಂದು ಮಾತು. ಇಂಗ್ಲೀಷಿನ ಮೂಲಕ ಎಲ್ಲವನ್ನೂ ಪರೀಕ್ಷಿಸುವದು ಬೇರೆಯೇ ಮಾತು. ಮೊದಲನೆಯದಕ್ಕೆ ನಾವು ಮಕ್ಕಳನ್ನು ಸಿದ್ಧಪಡಿಸಬೇಕು. ಎರಡನೆಯದನ್ನು ನಾವು ನ್ಯಾಯದ ಮಾರ್ಗದಿಂದ ಪ್ರತಿಭಟಿಸಬೇಕು. ಈ ಎರಡೂ ಕೆಲಸಗಳು ಒಟ್ಟಿಗೇ ನಡೆಯತಕ್ಕವು.

ನಾವು ಇಂಗ್ಲೀಷಿನ ದ್ವೇಷಿಗಳೆಂದು ಯಾರೂ ಭಾವಿಸಬಾರದು. ಕನ್ನಡವನ್ನು ಎತ್ತಿ ನಿಲ್ಲಿಸಿದವರಲ್ಲಿ ಅನೇಕರು ಆ ಭಾಷೆಯನ್ನು ಬಲ್ಲವರೇ ಆಗಿದ್ದರು. ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಧಾರವಾಡದ ಕಡೆಗೆ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರೇ ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲೀಷಿನ ಪ್ರಾಧ್ಯಾಪಕರು. ಅವರ ‘ಇಂಗ್ಲೀಷ್ ಗೀತಗಳು’ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನೇ ತೆರೆದವು. ಪರಭಾಷೆಯು ಅತಿಥಿಯಾಗಿ ಬಂದರೆ ಮನೆಗೆ ಶೋಭೆ. ಯಜಮಾನನಾಗಿ ಕುಳಿತರೆ ಮನೆಯವರು ಜಗಲಿಯ ಪಾಲಾಗುವರು.

ಯಜಮಾನಿಕೆಯ ಫಲವನ್ನು ನಮ್ಮ ಹಿರಿಯರು ಉಂಡು ನೋಡಿದ್ದಾರೆ. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಬಳಿಕ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ವಿದ್ಯಾರ್ಥಿಗಳಿಗೆ ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆಯೇ ಹೆದ್ದಾರಿಯ ಸುಂಕದ ಕಟ್ಟೆಯಾಯಿತು. ನಿಜಾಮನ ಸೀಮೆಯ ಕನ್ನಡಿಗರಿಗೆ ಉರ್ದುವಿನ ಕಟ್ಟೆ ಬೇರೆ. ಮಹಾತ್ಮರೂ 1887ರಲ್ಲಿ ಅದೇ ಮುಂಬಯಿಯ ಮೆಟ್ರಿಕ್ಯುಲೇಶನ್ ದಾಟಿದವರು. ರಾಜಕೋಟದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಬಂದಾಗ ಬಹುತೇಕ ವಿಷಯಗಳು ಇಂಗ್ಲೀಷಿನಲ್ಲಿ ಆರಂಭವಾಗಲು ತಾವು ದಿಕ್ಕುಗಾಣದಾದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1938ರಲ್ಲಿ ‘ಹರಿಜನ’ದಲ್ಲಿ ಬರೆಯುತ್ತ, ಗಣಿತವೇ ಮೊದಲಾದ ವಿಷಯಗಳನ್ನು ಕಲಿಯಲು ಇಂಗ್ಲೀಷಿನ ದೆಸೆಯಿಂದ ತಮಗೆ ನಾಲ್ಕು ವರುಷ ಹಿಡಿಯಿತೆಂದೂ, ಗುಜರಾಥಿಯಲ್ಲಿ ಕಲಿಸಿದ್ದರೆ ಒಂದೇ ವರುಷ ಸಾಕಾಗುತ್ತಿತ್ತೆಂದೂ ತಿಳಿಸಿದರು. ಮಹಾತ್ಮರಿಗೇ ಮೂರು ವರುಷಗಳ ನಷ್ಟವಾದ ಬಳಿಕ ನಮ್ಮ ಹಳ್ಳಿಯ ಕೂಸುಗಳ ಪಾಡೇನು?

ಇನ್ನು ಸಿದ್ಧತೆಯ ಮಾತು. ಈ ಪರೀಕ್ಷೆಯ ಇಂಗ್ಲೀಷು ಭಾಗದಲ್ಲಿ ಕೇಳತಕ್ಕ ವಿಷಯಗಳು ಗೊತ್ತಾದವೇ ಇವೆ: ಓದದ ಗದ್ಯಖಂಡವನ್ನು ಅರ್ಥಮಾಡಿಕೊಳ್ಳುವದು, ಕಾಗುಣಿತ, ಚದರಿದ ಪದಗಳನ್ನು ವಾಕ್ಯವಾಗಿ ಜೋಡಿಸುವದು, ಕಾಲರೂಪಗಳು, ಕರ್ಮಣಿ ಪ್ರಯೋಗ, ತರತಮ ಭಾವ, ಪರರ ಮಾತನ್ನು ವರದಿಮಾಡುವ ರೀತಿ ಮುಂತಾದವು. ಇವನ್ನು ಕಲಿಸಲು ಪಟ್ಟಣದ ದುಬಾರಿ ತರಬೇತಿಯೇ ಬೇಕೆಂಬ ಭ್ರಮೆಯನ್ನು ಮೊದಲು ಬಿಡಬೇಕು. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಶಿಕ್ಷಕನೇ ಇಲ್ಲಿ ಒಳ್ಳೆಯ ಗುರು. ಹೇಗೆಂದರೆ, ಮಗುವಿನ ತಪ್ಪುಗಳೆಲ್ಲ ಹುಟ್ಟುವದು ಎರಡು ಭಾಷೆಗಳು ಬೇರೆಯಾಗುವ ಕೂಡುದಾರಿಗಳಲ್ಲಿಯೇ.

ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬಂದು ಕೂಡುವದು. ಇಂಗ್ಲೀಷಿನಲ್ಲಿ ಅದು ಕರ್ತೃಪದದ ಬೆನ್ನಿಗೇ ನಿಲ್ಲುವದು. ಇದೊಂದು ಸೂತ್ರವು ಮನಸ್ಸಿನಲ್ಲಿ ನಾಟಿದರೆ ಚದರಿದ ಪದಗಳ ಪ್ರಶ್ನೆಯು ಅರ್ಧ ಬಿಡಿಸಿದಂತೆಯೇ. ನಮ್ಮ ವಿಭಕ್ತಿ ಪ್ರತ್ಯಯಗಳು ನಾಮಪದದ ಕೊನೆಗೆ ಅಂಟಿಕೊಳ್ಳುವವು; ಅವರ ‘ಇನ್’, ‘ಟು’, ‘ಫ್ರಾಮ್’ಗಳು ನಾಮಪದಕ್ಕಿಂತ ಮೊದಲೇ ಬಿಡಿ ಮಾತಾಗಿ ಬರುವವು. ಮನೆಯಲ್ಲಿ, ಮನೆಗೆ, ಮನೆಯಿಂದ ಎಂಬ ಮೂರನ್ನು ಹಲಗೆಯ ಮೇಲೆ ಬರೆದು ಎದುರಿಗೆ ಇಂಗ್ಲೀಷಿನ ರೂಪಗಳನ್ನು ಇಟ್ಟು ತೋರಿಸಿದರೆ ಹುಡುಗರಿಗೆ ಒಂದು ದಿನದಲ್ಲಿ ತಿಳಿಯುವದು. ‘ಸೋಮನಿಗಿಂತ ಭೀಮನು ಎತ್ತರ’ ಎಂಬಲ್ಲಿ ನಮ್ಮ ‘ಎತ್ತರ’ವು ಬದಲಾಗದು, ಇಂಗ್ಲೀಷಿನಲ್ಲಿ ‘ಟಾಲ್’ ಎಂಬುದು ‘ಟಾಲರ್’ ಆಗಲೇಬೇಕು.

ಪರರ ಮಾತನ್ನು ಹೇಳುವಲ್ಲಿ ಭೇದವು ಇನ್ನೂ ಸೂಕ್ಷ್ಮವಾದುದು. ‘ನಾನು ನಾಳೆ ಬರುತ್ತೇನೆ ಎಂದು ಅವನು ಹೇಳಿದನು’ ಎಂದರೆ ಕನ್ನಡಕ್ಕೆ ಸಾಕು. ‘ಎಂದು’ ಎಂಬ ಪುಟ್ಟ ಮಾತು ಎಲ್ಲ ಭಾರವನ್ನೂ ಹೊರುವದು. ಇಂಗ್ಲೀಷಿನಲ್ಲಿಯಾದರೋ ಆಡಿದ ಮಾತನ್ನು ವರದಿಯಾಗಿ ತಿರುಗಿಸುವಾಗ ‘ನಾನು’ ಹೋಗಿ ‘ಅವನು’ ಬರುವದು, ‘ವಿಲ್’ ಹೋಗಿ ‘ವುಡ್’ ಬರುವದು, ‘ನಾಳೆ’ ಹೋಗಿ ‘ಮರುದಿನ’ ಬರುವದು. ಈ ಮೂರು ಬದಲಾವಣೆಗಳನ್ನು ಕನ್ನಡದಲ್ಲಿ ವಿವರಿಸದೆ ಬರಿಯ ನಿಯಮಗಳನ್ನು ಬಾಯಿಪಾಠ ಮಾಡಿಸಿದರೆ ಅವು ಪರೀಕ್ಷೆಯ ದಿನ ಕೈಕೊಡುವವು. ಕಾಗುಣಿತದ ವಿಷಯವೂ ಹೀಗೆಯೇ. ನಾವು ನುಡಿದಂತೆ ಬರೆಯುವವರು. ‘ನೈಫ್’ ಎಂಬ ಮಾತಿನ ಆರಂಭದಲ್ಲಿ ‘ಕೆ’ ಎಂಬ ಅಕ್ಷರವು ಮೂಗನಂತೆ ಕುಳಿತಿರುವದೆಂದು ನಮ್ಮ ಮಗುವು ಊಹಿಸುವದಾದರೂ ಹೇಗೆ? ಅದನ್ನು ಕಣ್ಣಿನಿಂದ ಕಂಡು, ಕೈಯಿಂದ ಬರೆದೇ ಕಲಿಯತಕ್ಕದ್ದು.

ಇದಕ್ಕೆ ಒಂದು ನೋಟ್‌ಬುಕ್ಕು ಸಾಕು. ಪುಟವನ್ನು ಮೂರು ಪಾಲು ಮಾಡಿ ಮೊದಲಲ್ಲಿ ಇಂಗ್ಲೀಷು ಪದ, ನಡುವೆ ಕನ್ನಡದ ಅರ್ಥ, ಕೊನೆಯಲ್ಲಿ ಹುಡುಗನೇ ಕಟ್ಟಿದ ಒಂದು ವಾಕ್ಯ. ವರ್ಗಮೂಲ, ಚಕ್ರಬಡ್ಡಿ, ಘರ್ಷಣೆ, ದಹನ, ಜೀವಕೋಶ ಮುಂತಾಗಿ ಎಂಟನೆಯ ತರಗತಿಯ ಗಣಿತ ವಿಜ್ಞಾನಗಳ ಪಾರಿಭಾಷಿಕ ಪದಗಳಿಗೆ ಅದರಲ್ಲಿ ಅಗ್ರಸ್ಥಾನವಿರಲಿ. ದಿನಕ್ಕೆ ಐದು ಪದಗಳಂತೆ ಇನ್ನೂರು ದಿನಗಳಲ್ಲಿ ಸಾವಿರ ಪದಗಳಾಗುವವು. ಪ್ರತಿದಿನ ಒಂದು ಪುಟ ಇಂಗ್ಲೀಷನ್ನು ಗಟ್ಟಿಯಾಗಿ ಓದಿಸಿ ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳಿಸಬೇಕು. ಅರ್ಥವು ಹಿಡಿತಕ್ಕೆ ಬಂದ ಮೇಲೆಯೇ ಇಂಗ್ಲೀಷಿನಲ್ಲಿ ಪ್ರಶ್ನೆ ಕೇಳಬೇಕು. ಕೊನೆಯ ಎರಡು ತಿಂಗಳು ಗಡಿಯಾರವನ್ನು ಎದುರಿಗಿಟ್ಟುಕೊಂಡು ಬರೆಯಿಸಬೇಕು. ಎರಡೂವರೆ ತಾಸಿಗೆ ನೂರು ಪ್ರಶ್ನೆಗಳೆಂದರೆ ಪ್ರಶ್ನೆಗೆ ಒಂದೂವರೆ ನಿಮಿಷ. ಪ್ರತಿಯೊಂದನ್ನೂ ಮನಸ್ಸಿನಲ್ಲಿ ಭಾಷಾಂತರಿಸುತ್ತ ಕೂಡುವ ಮಗುವಿಗೆ ಆ ಒಂದೂವರೆ ನಿಮಿಷವು ಪ್ರಶ್ನೆಯನ್ನು ತಿಳಿಯುವದರಲ್ಲಿಯೇ ಮುಗಿದುಹೋಗುವದು.

ಇಲ್ಲಿಗೆ ಬಂದಾಗ ಅನ್ಯಾಯದ ಆಕಾರವು ಸ್ಪಷ್ಟವಾಗುವದು. ಸಮಾನ ಬುದ್ಧಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಲೆಕ್ಕ ಮಾಡಲು ಒಂದೂವರೆ ನಿಮಿಷ, ಇನ್ನೊಬ್ಬನಿಗೆ ಅರ್ಧ ನಿಮಿಷ. ಇದು ಪಂದ್ಯವೇ?

ಕೆಲವರು ಕೇಳುವರು: ‘ಆ ಶಾಲೆಗಳಲ್ಲಿ ಮೇಲಿನ ತರಗತಿಗಳ ಬೋಧನೆಯು ಹಿಂದಿ ಇಂಗ್ಲೀಷುಗಳಲ್ಲಿಯೇ ನಡೆಯುವಾಗ ಪರೀಕ್ಷೆಯು ಕನ್ನಡದಲ್ಲೇಕೆ?’ ಪ್ರಶ್ನೆಯು ಯೋಗ್ಯವಾದುದೇ. ಪಾಠವನ್ನು ಅನುಸರಿಸುವಷ್ಟು ಇಂಗ್ಲೀಷು ಹುಡುಗನಿಗೆ ಬರುವದೋ ಇಲ್ಲವೋ ಎಂದು ನೋಡಬೇಕು, ನಿಜ. ಅದಕ್ಕಾಗಿಯೇ ಇಂಗ್ಲೀಷಿನ ಭಾಗವಿದೆಯಲ್ಲವೇ? ಅದರ ಅಂಕಗಳು ಸಾಲದಿದ್ದರೆ ಹದಿನೈದನ್ನು ಇಪ್ಪತ್ತೈದು ಮಾಡಲಿ. ನಮ್ಮ ಮಕ್ಕಳು ಅದಕ್ಕೂ ಸಿದ್ಧರಾಗುವರು. ಆದರೆ ಗಣಿತದ ಶಕ್ತಿಯನ್ನು ಅಳೆಯುವಾಗ ಗಣಿತವನ್ನೇ ಅಳೆಯಬೇಕು. ಅಕ್ಕಿಯನ್ನು ಅಳೆಯುವ ಸೇರಿನಲ್ಲಿ ಮೊದಲೇ ಮರಳು ತುಂಬಿದ್ದರೆ ಅಳತೆಯು ಸರಿಯಾದೀತೇ?

ಮತ್ತೆ ಕೆಲವರು, ‘ಒಂದನೆಯ ತರಗತಿಯಿಂದಲೇ ಇಂಗ್ಲೀಷು ಮಾಧ್ಯಮದ ಶಾಲೆಗೆ ಹಾಕಿದರೆ ಈ ತೊಡಕೇ ಇಲ್ಲ’ ಎನ್ನುವರು. ಮಾಧ್ಯಮದ ಆಯ್ಕೆಯು ಮಗುವಿಗೂ ತಾಯಿತಂದೆಗಳಿಗೂ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಕರ್ನಾಟಕ ಸರಕಾರದ ಮೊಕದ್ದಮೆಯಲ್ಲಿಯೇ ತೀರ್ಪು ಕೊಟ್ಟಿದೆ. ಆದರೆ ಆಯ್ಕೆ ಎಂಬ ಶಬ್ದಕ್ಕೆ ಅರ್ಥವಿರಬೇಕಾದರೆ ಎರಡು ದಾರಿಗಳೂ ತೆರೆದಿರಬೇಕು. ಕನ್ನಡ ಶಾಲೆಯನ್ನು ಆಯ್ದುಕೊಂಡವನಿಗೆ ಎಂಟನೆಯ ತರಗತಿಯ ತುದಿಯಲ್ಲಿ ಗೋಡೆ ಕಟ್ಟಿ, ‘ನೀನೇ ಆಯ್ದುಕೊಂಡೆಯಲ್ಲ’ ಎಂದರೆ ಅದು ಆಯ್ಕೆಯಲ್ಲ, ದಂಡ.

ನಾವು ಬೇಡುವದು ಅಸಾಧ್ಯವಾದುದೇನೂ ಅಲ್ಲ. ಈ ಪರೀಕ್ಷೆಯಲ್ಲಿ ಮಗುವು ಒಂದು ವಾಕ್ಯವನ್ನೂ ಬರೆಯಬೇಕಾಗಿಲ್ಲ. ಸರಿಯಾದ ಉತ್ತರದ ವೃತ್ತವನ್ನು ಓ.ಎಂ.ಆರ್. ಹಾಳೆಯಲ್ಲಿ ಕಪ್ಪು ಮಾಡಿದರೆ ಮುಗಿಯಿತು. ಕಪ್ಪು ವೃತ್ತಕ್ಕೆ ಭಾಷೆ ಯಾವದು? ಕನ್ನಡ ಬಲ್ಲ ಪರೀಕ್ಷಕರು ಸಿಗರೆಂಬ ನೆವಕ್ಕೆ ಆಸ್ಪದವೇ ಇಲ್ಲ. ಗಣಿತ ವಿಜ್ಞಾನಗಳ ಎಪ್ಪತ್ತು ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಅಚ್ಚು ಹಾಕಿದರಾಯಿತು. ಆರನೆಯ ತರಗತಿಯ ಪರೀಕ್ಷೆಗೆ ಇದೇ ನವೋದಯ ಸಮಿತಿಯು ಕನ್ನಡದ ಪ್ರಶ್ನಪತ್ರಿಕೆಯನ್ನು ಒದಗಿಸುತ್ತಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯು 2017ರಿಂದಲೂ, ಎಂಜಿನಿಯರಿಂಗಿನ ಜೆ.ಇ.ಇ. ಮುಖ್ಯ ಪರೀಕ್ಷೆಯು 2021ರಿಂದಲೂ ಕನ್ನಡದಲ್ಲಿ ದೊರೆಯುತ್ತಿವೆ. ವೈದ್ಯನಾಗಲು ಸಲ್ಲುವ ಕನ್ನಡವು ಒಂಬತ್ತನೆಯ ತರಗತಿಗೆ ಸೇರಲು ಸಲ್ಲದೆಂದರೆ ಯಾವ ತರ್ಕಶಾಸ್ತ್ರವು ಒಪ್ಪೀತು? ಹಿಂದಿಯ ಮನೆಮಾತಿನವನಿಗೆ ತನ್ನ ಮಾತಿನಲ್ಲಿ ಪ್ರಶ್ನೆ ಓದುವ ಹಕ್ಕುಂಟು; ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದೇ ಸಾಲಿನಲ್ಲಿ ಕುಳಿತ ಕನ್ನಡಕ್ಕೆ ಆ ಹಕ್ಕಿಲ್ಲವೇ?

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿಯು ಇಷ್ಟೇ. ಎಂಟನೆಯ ತರಗತಿಯ ಚುರುಕಾದ ಮಕ್ಕಳನ್ನು ಗುರುತಿಸಿ ಶಾಲೆ ಬಿಟ್ಟ ಮೇಲೆ ಒಂದು ತಾಸು ಅವರಿಗೆ ಕೊಡಿರಿ. ಕನ್ನಡದ ದೀಪವನ್ನು ಹಿಡಿದು ಇಂಗ್ಲೀಷಿನ ಕೋಣೆಯನ್ನು ಅವರಿಗೆ ತೋರಿಸಿರಿ. ಪಟ್ಟಣದ ವಾಚಕರು ಒಂದೊಂದು ಶಾಲೆಗೆ ಒಳ್ಳೆಯ ನಿಘಂಟನ್ನೂ ಹಿಂದಿನ ವರುಷಗಳ ಪ್ರಶ್ನಪತ್ರಿಕೆಗಳನ್ನೂ ಒದಗಿಸಲಿ. ತಾಲೂಕು ತಾಲೂಕುಗಳಿಂದ ಕೇಂದ್ರ ಶಿಕ್ಷಣ ಮಂತ್ರಾಲಯಕ್ಕೂ ನವೋದಯ ಸಮಿತಿಗೂ ಬಿನ್ನವತ್ತಳೆಗಳು ಹೋಗಲಿ. ನಮ್ಮ ಪಾರ್ಲಿಮೆಂಟ್ ಸದಸ್ಯರು ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತಲಿ. ಮುಂದಿನ ಪರೀಕ್ಷೆಯ ಹೊತ್ತಿಗೆ ನಮ್ಮ ಬೇಡಿಕೆಯು ಈಡೇರದಿರಬಹುದು. ಆದರೂ ಮಕ್ಕಳ ಸಿದ್ಧತೆಯು ನಿಲ್ಲಕೂಡದು. ಅವರ ವಯಸ್ಸು ಯಾರ ಉತ್ತರಕ್ಕೂ ಕಾಯುವದಿಲ್ಲ.